ತಿಕ್ಕುಮೀಮಾಂಸೆ: ಬೆಲ್ಟ್-ಡಿಸ್ಕ್ ಸ್ಯಾಂಡರಿನ ಲಕ್ಷಣ ಮತ್ತು ರಕ್ಷಣೆ

ಒಂದೇ ಮೋಟಾರಿನ ಬಲದಿಂದ ಒಂದು ಕಡೆ ಬೆಲ್ಟನ್ನೂ ಇನ್ನೊಂದು ಕಡೆ ಡಿಸ್ಕನ್ನೂ ತಿರುಗಿಸಿ, ಎದುರಿಗೆ ಬಂದದ್ದನ್ನು ಮರ, ಲೋಹ, ಉಗುರು ಎಂಬ ಭೇದವಿಲ್ಲದೆ ಸವೆಸುವ ಯಂತ್ರವೇ ಬೆಲ್ಟ್-ಡಿಸ್ಕ್ ಸ್ಯಾಂಡರ್. ಈ ಲಕ್ಷಣದಲ್ಲಿ ಅವ್ಯಾಪ್ತಿ ದೋಷವಿಲ್ಲ. ಅತಿವ್ಯಾಪ್ತಿಯಿದೆ, ಬಂದವರನ್ನೆಲ್ಲ ಸವೆಸುವ ಸರ್ಕಾರಿ ಕಚೇರಿಗೂ ಇದು ಅನ್ವಯಿಸುತ್ತದೆ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಕಚೇರಿಗೆ ಮೋಟಾರಿಲ್ಲವಾದ್ದರಿಂದ ಆಕ್ಷೇಪ ನಿಲ್ಲದು.

ಬೀದರಿನ ಬಗೆಗಿನ ವಿದ್ವತ್ತು ತಿಕ್ಕುವ ಕೆಲಸಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. ಬಿದ್ರಿ ಕಲೆಯ ಬಗ್ಗೆ ಬರೆಯುವವರು ಬಹಮನಿ ಸುಲ್ತಾನರಿಂದ ಹೊರಟು, 2006ರ ಭೌಗೋಳಿಕ ಸೂಚಕದ ಮನ್ನಣೆಯನ್ನು ಹಾದು, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಸಂದ ಪದ್ಮಶ್ರೀಗೆ ಬಂದು ನಿಲ್ಲುತ್ತಾರೆ. ದಾರಿಯುದ್ದಕ್ಕೂ ಹೊಗಳುವುದು ಬೆಳ್ಳಿಯನ್ನು, ಕೋಟೆಯ ಮಣ್ಣನ್ನು. ವಸ್ತುಸ್ಥಿತಿ ಬೇರೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಅಚ್ಚಿನಿಂದ ಹೊರಬಂದಾಗ ಮೈಯೆಲ್ಲ ತರಿತರಿ. ಅರ, ಪಾಲಿಶ್ ಪೇಪರ್, ಈಚೆಗೆ ಬಫಿಂಗ್ ಮೆಷಿನ್, ಇವುಗಳಿಂದ ತಿಕ್ಕಿ ನಯಮಾಡಿದ ಮೇಲಷ್ಟೇ ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ ಉಳಿಯಿಂದ ಚಿತ್ತಾರ ಕೆತ್ತುವುದು. ಬೆಳ್ಳಿ ಕೂರಿಸಿದ ಮೇಲೆ ಮತ್ತೆ ತಿಕ್ಕಬೇಕು. ಆಗ ಆ ಕಪ್ಪು ಅಳಿದು, ಬೆಳ್ಳಿ ಯಾವುದು ಸತು ಯಾವುದು ಎಂದು ಕಣ್ಣಿಗೆ ಹತ್ತುವುದೇ ಕಷ್ಟ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿಮಾಡಿದ ಪಾತ್ರೆಗೆ ಬಳಿದಾಗ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ. ಹೀಗೆ ಎರಡು ತಿಕ್ಕಿಗೆ ಒಂದು ಮಣ್ಣು; ಕೀರ್ತಿಯೆಲ್ಲ ಮಣ್ಣಿನ ಪಾಲು.

ಹಾಗೆಂದು ಸ್ಯಾಂಡರನ್ನು ಬಿದ್ರಿಯ ಉದ್ಧಾರಕನೆಂದು ಸಾರುವುದೂ ಆತುರವೇ. ದುಂಡನೆಯ ಹೂಜಿ ಅದಕ್ಕೆ ಒಗ್ಗದು. ಚಪ್ಪಟೆ ಮುಚ್ಚಳವನ್ನು ಎರಕದ ಹಂತದಲ್ಲಿ ಒಡ್ಡಬಹುದು, ಆದರೆ ಮೆದುವಾದ ಸತು ಬೆಲ್ಟಿನ ಕಾಳುಗಳ ನಡುವೆ ಮೆತ್ತಿಕೊಳ್ಳುತ್ತದೆ. ಬೆಳ್ಳಿ ಕೂರಿಸಿದ ಮೇಲೆ ಒಡ್ಡಿದರೆ ವಾರದ ಕುಸುರಿ ಅರೆಗಳಿಗೆಯಲ್ಲಿ ಧೂಳಿನ ಚೀಲ ಸೇರುತ್ತದೆ, ಅಲ್ಲಿಂದ ಅದನ್ನು ಮರಳಿ ಪಡೆಯುವ ವಿಧಾನ ಯಾವ ಶಾಸ್ತ್ರದಲ್ಲೂ ಇಲ್ಲ. ಆದ್ದರಿಂದ ಯಂತ್ರದ ನಿಜವಾದ ಕ್ಷೇತ್ರ ಬೀದರ ನಗರದ, ಬಗದಲ್, ಭಾಲ್ಕಿ, ಔರಾದ ಕಡೆಯ ಬಡಗಿಯ ಅಂಗಡಿ. ಅಲ್ಲಿಯ ತೇಗ, ಬೇವು, ಜಾಲಿ.

ಬೆಲ್ಟಿನ ರೂಢಿಯ ಅಳತೆ 4 ಇಂಚು ಅಗಲ, 36 ಇಂಚು ಸುತ್ತು. ಒಳಮೈಯಲ್ಲಿ ಬಾಣದ ಗುರುತಿರುತ್ತದೆ. ಅದು ಅಲಂಕಾರವಲ್ಲ, ಅಂಚಿನ ಮೇಲೆ ಅಂಚು ಕೂಡಿಸಿದ ಬೆಲ್ಟನ್ನು ತಿರುಗುಮುರುಗು ಹಾಕಿದರೆ ಅಂಟಿನ ಜಾಗ ಮರಕ್ಕೆ ತೊಡರಿ ಕಿತ್ತುಬರುತ್ತದೆ. ಹೊಸ ಬೆಲ್ಟು ಉರುಳೆಯ ಮೇಲೆ ಒಂದು ಪಕ್ಕಕ್ಕೆ ಸರಿಯುವುದು ಸ್ವಭಾವ. ದೈವವಾದಿಗಳು ಅದು ತಾನಾಗಿ ಸರಿಹೋಗುತ್ತದೆಂದು ಕಾಯುತ್ತಾರೆ; ಬೆಲ್ಟು ಚೌಕಟ್ಟಿಗೆ ಉಜ್ಜಿ ಹರಿಯುತ್ತದೆ. ಪುರುಷಪ್ರಯತ್ನವಾದಿಗಳು ಉರುಳೆಯ ಓರೆ ತಿದ್ದುವ ತಿರುಪನ್ನು ಮೂರು ಸುತ್ತು ತಿರುವುತ್ತಾರೆ. ಬೆಲ್ಟು ಇನ್ನೊಂದು ಪಕ್ಕಕ್ಕೆ ಹಾರುತ್ತದೆ. ಕಾಲು ಸುತ್ತು ತಿರುವಿ, ಬೆಲ್ಟು ಎತ್ತ ಸರಿಯಿತೆಂದು ನೋಡಿ, ಮತ್ತೆ ತಿರುವುವುದು ಸಿದ್ಧಾಂತ.

ಡಿಸ್ಕಿನ ವಿಚಾರ ಇನ್ನೂ ಸೂಕ್ಷ್ಮ. 6 ಇಂಚಿನ ಡಿಸ್ಕು ನಿಮಿಷಕ್ಕೆ 2850 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 82 ಕಿ.ಮೀ. ವೇಗದಲ್ಲಿ ಓಡುತ್ತದೆ. ಭಾಲ್ಕಿಯ ಬಸ್ಸು ಈ ವೇಗ ಮುಟ್ಟಿದ್ದನ್ನು ಯಾವ ಶಾಸನವೂ ಹೇಳುವುದಿಲ್ಲ. ನಟ್ಟನಡುವೆ ಮಾತ್ರ ವೇಗ ಸೊನ್ನೆ. ಹೀಗಾಗಿ ಹಲಗೆಯನ್ನು ಒಂದೇ ಕಡೆ ಒತ್ತಿ ಹಿಡಿದರೆ ಅಂಚಿನತ್ತ ಹೆಚ್ಚು ಸವೆದು ಕಪ್ಪಗೆ ಸುಡುತ್ತದೆ, ನಡುವಿನತ್ತ ಹಾಗೇ ಉಳಿಯುತ್ತದೆ. ಡಿಸ್ಕು ಕೆಳಗಿಳಿಯುವ ಅರ್ಧಕ್ಕೇ ಹಲಗೆ ಒಡ್ಡಬೇಕು, ಆಗ ಅದು ಮೇಜಿಗೆ ಒತ್ತಿ ಕೂರುತ್ತದೆ. ಮೇಲೇರುವ ಅರ್ಧಕ್ಕೆ ಒಡ್ಡಿದವರಿಗೆ ಹಲಗೆಯ ಊರ್ಧ್ವಗಮನ ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧಿಸುತ್ತದೆ.

ಕಾಳಿನ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ: 60, 80, 120, 240. ಮೊದಲ ಕಾಗದದ ಗೀರನ್ನು ಎರಡನೆಯದು ಅಳಿಸಬೇಕು, ಅದರದನ್ನು ಮೂರನೆಯದು. 60ರಿಂದ ನೇರವಾಗಿ 240ಕ್ಕೆ ಜಿಗಿಯುವವನು ಗೃಹಸ್ಥಾಶ್ರಮ ಬಿಟ್ಟು ಸಂನ್ಯಾಸಕ್ಕೆ ಹೊರಟವನಂತೆ; ಹಳೆಯ ಗೀರುಗಳೆಲ್ಲ ಪಾಲಿಶ್ ಬಳಿದ ದಿನ ಎದ್ದು ಬರುತ್ತವೆ.

ಅಪಾಯಪ್ರಕರಣದಲ್ಲಿ ಮೊದಲ ಮಾತು ಹೆಗಲ ಮೇಲಿನ ಟವೆಲ್ಲಿನದು. ಸಭೆಯಲ್ಲಿ ಅದು ಮರ್ಯಾದೆ, ತಿರುಗುವ ಯಂತ್ರದೆದುರು ನೇಣು. ಕೈಗವಸೂ ಅಷ್ಟೇ, ಸಿಕ್ಕಿಕೊಂಡರೆ ಕೈಯನ್ನೂ ಎಳೆದೊಯ್ಯುತ್ತದೆ. ಕರೆಂಟು ಹೋದಾಗ ಚಹಾಕ್ಕೆ ಹೊರಡುವ ಮುನ್ನ ಸ್ವಿಚ್ಚು ಆರಿಸಬೇಕು. ಕರೆಂಟು ಮರಳುವ ಹೊತ್ತಿಗೆ ಬೆಲ್ಟು ಬದಲಿಸಲು ಯಾರೋ ಕೈಯಿಟ್ಟಿರುತ್ತಾರೆ, ಯಂತ್ರಕ್ಕೆ ಅದು ತಿಳಿದಿರುವುದಿಲ್ಲ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇರಿಸಿದೆ. ಮೂಗಿಗೆ ಮಾಸ್ಕ್ ಬೇಕು. ಮರ ತಿಕ್ಕಿದ ಯಂತ್ರದಲ್ಲೇ ಚೀಲ ಖಾಲಿಮಾಡದೆ ಕಬ್ಬಿಣ ತಿಕ್ಕಿದರೆ ಕಿಡಿ ಧೂಳಿಗೆ ಬಿದ್ದು ಒಳಗೊಳಗೇ ಹೊಗೆಯಾಡುತ್ತದೆ. ಅಂಗಡಿ ಮುಚ್ಚಿ ಹೋದ ಮೇಲೆ ಉರಿ ಏಳುವುದೂ ಉಂಟು.

ಇನ್ನು ರಕ್ಷಣೆ. ತೇಗದ ಎಣ್ಣೆಯಂಶ ಮೆತ್ತಿದ ಬೆಲ್ಟು ಕೊಯ್ಯುವುದನ್ನು ಬಿಟ್ಟು ಸುಡಲು ತೊಡಗುತ್ತದೆ. ಅದು ತಿರುಗುತ್ತಿರುವಾಗಲೇ ಕ್ರೇಪ್ ರಬ್ಬರಿನ ತುಂಡು ಒತ್ತಿದರೆ ಮೆತ್ತಿದ್ದು ಕಿತ್ತುಬರುತ್ತದೆ. ಕ್ರೇಪ್ ಅಟ್ಟೆಯ ಹಳೆ ಚಪ್ಪಲಿಯೂ ಆದೀತು; ಎಡಗಾಲಿನದೋ ಬಲಗಾಲಿನದೋ ಎಂಬಲ್ಲಿ ಮತಭೇದವಿದೆ. ಡಿಸ್ಕಿಗೆ ಅಂಟಿಸಿದ ಕಾಗದ ಬಿಡದಿದ್ದರೆ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಸಾಕು, ಉಳಿ ಹಾಕಿ ಎಬ್ಬಬಾರದು. ಮುಚ್ಚಿದ ಬೇರಿಂಗಿಗೆ ಎಣ್ಣೆ ಬೇಡ. ಆದರೂ ಭಕ್ತಿಯಿಂದ ಎಣ್ಣೆ ಬಿಡುವ ಸಂಪ್ರದಾಯ ಬಲವಾಗಿದೆ. ಅದು ಬೇರಿಂಗಿನ ಒಳಕ್ಕಿಳಿಯದೆ ಬೆಲ್ಟಿಗೆ ಸೋರಿ, ಬೆಲ್ಟಿನಿಂದ ಗಿರಾಕಿಯ ಬಾಗಿಲಿಗೆ ಹತ್ತುತ್ತದೆ. ಬಿಡಿ ಬೆಲ್ಟುಗಳನ್ನು ಮೊಳೆಗೆ ತೂಗಹಾಕಿದರೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತವೆ, ಮಳೆಗಾಲದ ತೇವಕ್ಕೆ ಅಂಟು ಸಡಿಲುತ್ತದೆ. ಅವುಗಳನ್ನು ಒಣಜಾಗದಲ್ಲಿ ದಪ್ಪ ಪೈಪಿನ ಮೇಲೆ ಹಾಕಿಡಬೇಕು. ಈ ಒಂದು ವಿಷಯದಲ್ಲಿ ಮಾತ್ರ ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ, ಪೈಪು ಯಾರು ತರಬೇಕೆಂಬುದನ್ನು ಬಿಟ್ಟರೆ.