ನೋಹನ ನಾವೆಗೆ ಕೆ.ಸಿ. ವ್ಯಾಲಿ ನೀರು

ಬೇಸಿಗೆ ರಜೆ ಬಂತೆಂದರೆ ಚರ್ಚುಗಳಲ್ಲಿ ಮಕ್ಕಳ ವಿಬಿಎಸ್, ಅಂದರೆ ವೆಕೇಶನ್ ಬೈಬಲ್ ಸ್ಕೂಲ್. 1898ರಲ್ಲಿ ನ್ಯೂಯಾರ್ಕಿನ ಶ್ರೀಮತಿ ಹಾಸ್ ಬೀದಿಮಕ್ಕಳಿಗೆಂದು ಬಿಯರ್ ಅಂಗಡಿಯನ್ನೇ ಬಾಡಿಗೆ ಹಿಡಿದು ಶುರುಮಾಡಿದ್ದಂತೆ. ನಮ್ಮ ಚರ್ಚಿನ ಅಯ್ಯನವರು ಆ ಬಿಯರ್ ಭಾಗವನ್ನು ನುಂಗಿಬಿಡುತ್ತಾರೆ.

ವಿಬಿಎಸ್‌ನಲ್ಲಿ ಕಥೆ ಹೇಳುವವಳು ನಾನು; ಕೋಲಾರದಲ್ಲಿ ನೋಹನ ಕಥೆ ಹೇಳುವುದೇ ಕಷ್ಟ. ನಲವತ್ತು ದಿನ ಮಳೆ ಅನ್ನುವಷ್ಟರಲ್ಲಿ ಒಬ್ಬ ಎದ್ದುನಿಂತ: "ಅಕ್ಕಾ, ಅದು ಕೆ.ಸಿ. ವ್ಯಾಲಿ ನೀರಾ?" ಆ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ಶುದ್ಧವಾಗಿ ಬಂದು ನಮ್ಮ ಕೆರೆ ತುಂಬುವುದನ್ನು ಕಂಡವನು, ಆಕಾಶದ ಮೇಲೆ ಅವನಿಗೆ ಅಷ್ಟು ನಂಬಿಕೆಯಿಲ್ಲ. ಇಟ್ಟಿಗೆ ಗೂಡುಗಳ ಊರಾದ ಮಾಲೂರಿನ ಮಕ್ಕಳು ಬಾಬೆಲ್ ಗೋಪುರದ ಇಟ್ಟಿಗೆ ರೇಟು ಕೇಳಿದರು. ಮುಳಬಾಗಿಲಲ್ಲಿ ಮನ್ನಾ ಎಂದರೆ ದೋಸೆಯೇ, ವಾದ ಬೇಡ.

ಮಾವಿನ ಊರಾದ ಶ್ರೀನಿವಾಸಪುರದಲ್ಲಿ, ಹವ್ವಳು ತಿಂದ ಹಣ್ಣಿನ ಹೆಸರು ಸತ್ಯವೇದದಲ್ಲಿಲ್ಲ ಎಂದೆ. ಮಾವೇ ಎಂದು ಒಮ್ಮತದ ತೀರ್ಮಾನವಾಯಿತು. ಬಾದಾಮಿಯೋ, ತೋತಾಪುರಿಯೋ?

"ತೋತಾಪುರಿ ಆಗಿರಲ್ಲ ಅಕ್ಕಾ. ಅದನ್ನ ರೇಟಿಲ್ಲ ಅಂತ ರಸ್ತೆಗೇ ಸುರೀತಾರೆ. ಒಂದು ತಿಂದ್ರೆ ಯಾರು ಬೈತಾರೆ?"