ಖರೀದಿ ರೇಟು, ಲಾವಣಿ ಆಟ

(ಬಾಡಗಂಡಿ. ಕಟ್ಟಿ ಮ್ಯಾಲ ಮುತ್ಯಾ, ಮೊಮ್ಮಗ.)

ಮೊಮ್ಮಗ: ಮುತ್ಯಾ, ನಾಕ್ ಸಾವಿರ ಕೊಡು. ಪ್ಲೇಸ್ಟೇಷನ್‌ಗೆ ಹೊಸಾ ಗೇಮ್ ತೊಗೋಬೇಕು.

ಮುತ್ಯಾ: ತಂದು ಎಲ್ಲಿ ಇಡ್ತಿ?

ಮೊಮ್ಮಗ: ಇಡೂದೇನಿಲ್ಲ, ಡಿಜಿಟಲ್! ಡಿಸ್ಕಿಗೆ ಗೀರು ಬೀಳ್ತಾವ, ಕೊರಿಯರ್ ಕಾಯಬೇಕು. ಇದು ಕುಂತಲ್ಲೇ ಬರತೈತಿ.

ಮುತ್ಯಾ: ಬ್ಯಾಸರಾದ್ರ ಮಾರಾಕ ಬರತೈತೇನು?

ಮೊಮ್ಮಗ: ಇಲ್ಲ. ಡಿಸ್ಕ್ ಆದ್ರ ಮಾರಬಹುದು.

ಮುತ್ಯಾ: ಕಂಪನಿಯವ್ರು ಆಟಾನ ಬಂದ್ ಮಾಡಿದ್ರ?

ಮೊಮ್ಮಗ: ಮಾಡ್ಯಾರ. 2024ರಾಗ ಯೂಬಿಸಾಫ್ಟ್‌ನವ್ರು ‘ದಿ ಕ್ರೂ’ ಸರ್ವರ್ ತಗದ್ರು. ಆದ್ರ ಡಿಸ್ಕ್ ಇದ್ದಾವ್ರ ಗತಿನೂ ಅದಾ ಆತು!

ಮುತ್ಯಾ: ಡಿಸ್ಕ್ ಹೊಲದಾಗ ಕಟ್ಟಿದ್ರ ಹಕ್ಕಿಯರ ಅಂಜತಾವ. ನಿನ್ನ ಡಿಜಿಟಲ್‌ಗೆ ಯಾವ ಗುಬ್ಬಿ ಅಂಜತೈತಿ?

ಮೊಮ್ಮಗ: ಕ್ಯಾಲಿಫೋರ್ನಿಯಾದಾಗ 2025ರಿಂದ ಕಾಯ್ದೆ ಐತಿ. ಮಾರೂದು ಬರೇ ಪರವಾನಗಿ ಅಂತ ಮೊದಲಾ ಹೇಳಬೇಕು.

ಮುತ್ಯಾ: ಅಂದ್ರ ಲಾವಣಿ ಹೊಲ. ಉತಾರದಾಗ ನಿನ್ನ ಹೆಸರಿಲ್ಲ, ರೇಟು ಮಾತ್ರ ಖರೀದಿದು!

ಮೊಮ್ಮಗ: ಹೋಗ್ಲಿ, ರೊಕ್ಕ?

ಮುತ್ಯಾ: ಕೊಟ್ಟೀನಿ ತಿಳ್ಕೊ. ಕಬ್ಬಿನ ಬಿಲ್ಲಿನಂಗ ಅದೂ ಡಿಜಿಟಲ್. ಕೈಯಾಗ ಹಿಡಿಯಾಕ ಬರಂಗಿಲ್ಲ, ಅಷ್ಟಾ.