ನೂರು ಕೌರವರಿಗೆ ಒಬ್ಬ ಉತ್ತರಕುಮಾರ

ಕುಡುಕ ಕುಡಿಯುವುದು ಬಾಯಾರಿಕೆಗಂತೆ. ಈ ಮಹಾಸತ್ಯ ಹೊಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಹಲ್ಲಿನ ಡಾಕ್ಟರು ಹೆನ್ರಿ ಕಾಗ್ಸ್‌ವೆಲ್‌ಗೆ. ಚಿನ್ನ ಅಗೆಯಲು ನುಗ್ಗಿದವರ ಕಾಲದಲ್ಲಿ ಹಲ್ಲು ನೋಡಿ, ಬಂದ ದುಡ್ಡನ್ನು ಜಮೀನಿಗೆ ಹಾಕಿ ಕುಬೇರನಾದ ಆಸಾಮಿ. ಅವರ ಲೆಕ್ಕ ಸರಳ: ನೂರು ಸಲೂನಿಗೆ ಒಂದು ನೀರಿನ ಕಾರಂಜಿ. (ಅಲ್ಲಿ ಸಲೂನೆಂದರೆ ಹೆಂಡದಂಗಡಿ. ಬೋಳಿಸುವ ಕೆಲಸ ಮಾತ್ರ ಒಂದೇ.)

ವಾಷಿಂಗ್ಟನ್ನಿಗೆ 1882ರಲ್ಲಿ ಕೊಟ್ಟ ಕಾರಂಜಿ ಇವತ್ತಿಗೂ ಇದೆ. ನಾಲ್ಕು ಕಂಬದ ಕಲ್ಲಿನ ಮಂಟಪ, ನೆತ್ತಿಯ ಮೇಲೊಂದು ಕೊಕ್ಕರೆ, ಸುತ್ತ ನಂಬಿಕೆ, ಭರವಸೆ, ದಾನ, ಸಂಯಮ ಎಂದು ಕೆತ್ತನೆ. ಒಳಗೆ ಹೆಣೆದುಕೊಂಡ ಎರಡು ಡಾಲ್ಫಿನ್, ಮೈತುಂಬ ಹುರುಪೆ. ಡಾಲ್ಫಿನ್‌ಗೆ ಹುರುಪೆ ಇರುವುದಿಲ್ಲ; ಕಂಡಿತೆಂದರೆ ಕಂಡವರು ಏನು ಕುಡಿದಿದ್ದರೋ! ಅವುಗಳ ಮೂತಿಯಿಂದ ಬಿದ್ದ ನೀರನ್ನು ಹಿತ್ತಾಳೆ ಲೋಟದಲ್ಲಿ ಹಿಡಿದು ಕುಡಿಯಬೇಕು. ಮಿಕ್ಕದ್ದು ಕುದುರೆಗಳ ತೊಟ್ಟಿಗೆ. ಯೋಜನೆ ಅಷ್ಟರಮಟ್ಟಿಗೆ ಯಶಸ್ವಿ: ಕುದುರೆಗಳು ಒಂದು ದಿನವೂ ತೂರಾಡಲಿಲ್ಲ.

ನೀರು ತಣ್ಣಗಿರಲು ಐಸ್ ತುಂಬಬೇಕಿತ್ತು. ತುಂಬಿ ತುಂಬಿ ನಗರದವರು ಕೈಚೆಲ್ಲಿದರು. ಮುಂದೆ ವರ್ಷಗಟ್ಟಲೆ ಈ ಒಣ ಕಾರಂಜಿ ನಿಂತದ್ದು ಒಂದು ಮದ್ಯದಂಗಡಿಯ ಮುಂದೆ, ದಾರಿ ಕೇಳುವವರಿಗೆ ಒಳ್ಳೆಯ ಗುರುತಾಗಿ.

ಬಾಯಾರಿಕೆಯ ವಿಷಯ ಡಾಕ್ಟರಿಗಿಂತ ಸಲೂನಿನವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಗ್ಲಾಸು ಬಿಯರ್ ಕೊಂಡವನಿಗೆ ಅವನು ಊಟ ಪುಕ್ಕಟೆ ಬಡಿಸುತ್ತಿದ್ದ, ಉಪ್ಪು ಜಾಸ್ತಿ ಹಾಕಿ. ತಿಂದವನು ಇನ್ನೊಂದು ಗ್ಲಾಸು ಕೇಳದೆ ಏಳುತ್ತಾನೆಯೇ? ಕೂರಲು ಬೆಂಚು, ಚಳಿಗೆ ಬೆಂಕಿ, ಗೋಳು ಕೇಳಲು ಪಕ್ಕದಲ್ಲೊಬ್ಬ. ಕಾರಂಜಿಯ ಹತ್ತಿರ ಏನಿತ್ತು? ಕೊಕ್ಕರೆ.

ಕೊಕ್ಕರೆಯಾದರೂ ಪರವಾಗಿಲ್ಲ. ಬೇರೆ ಕೆಲವು ಊರುಗಳಿಗೆ ಕೊಟ್ಟ ಕಾರಂಜಿಗಳ ಮೇಲೆ ಪ್ರತಿಮೆಯಾಗಿ ನಿಂತದ್ದು ಸ್ವತಃ ಡಾಕ್ಟರೇ, ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಕುಡಿಯೆನೆಂಬ ಪ್ರತಿಜ್ಞಾಪತ್ರ. ನಮ್ಮೂರ ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ ಕೊಡುವ ಅಜ್ಜಿ ಆಮೇಲೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದವಳಲ್ಲ, ಮಂಟಪ ಹತ್ತಿ ನಿಂತವಳೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಜನ 1894ರ ಹೊಸ ವರ್ಷದ ಹುರುಪಿನಲ್ಲಿ ಡಾಕ್ಟರ ಪ್ರತಿಮೆಯನ್ನು ಎಳೆದು ಕೆಡವಿದರು. ಕನೆಕ್ಟಿಕಟ್‌ನ ರಾಕ್‌ವಿಲ್‌ನವರು ಇನ್ನೂ ಉದಾರಿಗಳು. ಡಾಕ್ಟರನ್ನು ಲೋಟದ ಸಮೇತ ಹೊತ್ತುಕೊಂಡು ಹೋಗಿ ಶೆನಿಪ್ಸಿಟ್ ಕೆರೆಗೇ ಹಾಕಿದರು.